ಬಂಡೆಯ ಸಂದಿಗೆ ಸುಣ್ಣ

ಮೊದಲು ಸದ್ದು ಕೇಳಿಸಿತು, ಆಮೇಲೆ ಅಡುಗೆಮನೆಯ ಹಲಗೆಯ ಮೇಲಿದ್ದ ಸ್ಟೀಲ್ ಡಬ್ಬಿಗಳು ಒಂದಕ್ಕೊಂದು ತಾಗಿ ನಡುಗಿದವು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ನನ್ನ ಗಂಡನ ಪ್ರಕಾರ ಮೊದಲು ಡಬ್ಬಿ, ಆಮೇಲೆ ಸದ್ದು. ನೆಲದೊಳಗಿನ ನಡುಕ ಗಾಳಿಗಿಂತ ಬೇಗ ಬಂದು ಮುಟ್ಟುತ್ತದೆ ಎಂದು ಅವನ ವಾದ. ಇರಬಹುದು. ಆದರೆ ಆ ಮಧ್ಯಾಹ್ನ ಅವನು ಮನೆಯಲ್ಲೇ ಇರಲಿಲ್ಲ, ಭೀಮಸಮುದ್ರದ ಅಡಿಕೆ ಮಂಡಿಯಲ್ಲಿ ಚೀಲ ತೂಗಿಸುತ್ತಿದ್ದ. ತಾನಿಲ್ಲದ ಮಧ್ಯಾಹ್ನವನ್ನು ಅವನು ನನಗಿಂತ ಸ್ಪಷ್ಟವಾಗಿ ನೆನಪಿಟ್ಟುಕೊಂಡಿದ್ದಾನೆ. ಹಾಗಾಗಿ ಮುಂದೆ ಬರೆಯುವುದನ್ನು ಸ್ವಲ್ಪ ಅನುಮಾನದಿಂದಲೇ ಬರೆಯುತ್ತಿದ್ದೇನೆ. ಹೆದರಿದ್ದೆ ಎನ್ನುವುದೊಂದರಲ್ಲಿ ಮಾತ್ರ ಅನುಮಾನವಿಲ್ಲ.

ನಾವಿದ್ದದ್ದು ಚಿತ್ರದುರ್ಗದಲ್ಲಿ, ಕೋಟೆ ಗುಡ್ಡದ ಬುಡದ ಒಂದು ಓಣಿಯಲ್ಲಿ. ನಾನು ಪ್ರಾಥಮಿಕ ಶಾಲೆಯ ಟೀಚರ್. ಮಗಳಿಗೆ ಆಗ ನಾಲ್ಕು ತುಂಬಿ ಐದು ನಡೆಯುತ್ತಿತ್ತು. ಬಾಡಿಗೆ ಮನೆ. ಹಿತ್ತಿಲಿಗೆ ಗೋಡೆ ಇರಲಿಲ್ಲ, ಬಂಡೆಯೇ ಗೋಡೆ. ಎದೆಯ ಮಟ್ಟಕ್ಕೆ ಒಂದು ಚಪ್ಪಟೆ ಬಂಡೆ, ಅದರ ಮೇಲೆ ಎರಡು ಮನೆಗಳಷ್ಟು ದೊಡ್ಡದಾದ ಇನ್ನೊಂದು, ನಮ್ಮ ಹೆಂಚಿನ ಕಡೆ ತುಸು ಬಾಗಿ ಕೂತಿತ್ತು. ಎರಡರ ನಡುವೆ ನಾಲ್ಕು ಬೆರಳು ತೂರುವಷ್ಟು ಸಂದಿ. ಓಣಿಯವರು ಮೇಲಿನದನ್ನು ಬಂಡೆ ಎನ್ನುತ್ತಿರಲಿಲ್ಲ. "ಮ್ಯಾಲಿನ ಮನೆಯೋರು" ಎನ್ನುತ್ತಿದ್ದರು.

"ಮ್ಯಾಲಿನ ಮನೆಯೋರು ಹೆಂಗವ್ರೆ?" ಎಂದು ಪಕ್ಕದ ಮನೆಯ ಗಾರೆ ಕೆಲಸದವನು ಬೆಳಿಗ್ಗೆ ಸೈಕಲ್ ತಳ್ಳಿಕೊಂಡು ಹೋಗುವಾಗ ಕೂಗುತ್ತಿದ್ದ.

"ಇನ್ನೂ ಎದ್ದಿಲ್ಲ ಕಣಪ್ಪ," ಎಂದು ನಮ್ಮ ಮನೆಯ ಒಡತಿ, ಮುಂದಿನ ಕೋಣೆಯಲ್ಲೇ ಇದ್ದ ಅಜ್ಜಿ, ಜಗಲಿಯಿಂದಲೇ ಉತ್ತರ ಕೊಡುತ್ತಿದ್ದಳು.

ಮನೆ ತೋರಿಸಿದ ದಿನ ಅಜ್ಜಿ ನಲ್ಲಿ ತೋರಿಸುವ ಮೊದಲು ಹಿತ್ತಿಲಿಗೆ ಕರೆದುಕೊಂಡು ಹೋಗಿ ಸುಣ್ಣದ ತೇಪೆ ತೋರಿಸಿದ್ದಳು. ಸಂದಿಗೆ ಅಡ್ಡಲಾಗಿ, ಕೆಳಗಿನ ಬಂಡೆಯಿಂದ ಮೇಲಿನದಕ್ಕೆ, ಅಂಗೈ ಅಗಲದ ಗಟ್ಟಿ ತೇಪೆ. ಮೇಲಿನದು ಕೂದಲೆಳೆಯಷ್ಟು ಕದಲಿದರೂ ತೇಪೆ ಬಿರಿಯುತ್ತದೆ. ತೇಪೆ ಬಿರಿಯುವವರೆಗೆ ಭಯವಿಲ್ಲ. ಇದು ಓಣಿಯ ಲೆಕ್ಕ. ತೇಪೆಯ ಮೇಲೆ ಒಂದು ಕುಂಕುಮದ ಬೊಟ್ಟು. ನನಗದು ವಿಜ್ಞಾನದ ಪಾಠದಂತೆ ಕಂಡಿತು. ನಾಲ್ಕು ವರ್ಷ ಅದರ ನೆರಳಿನಲ್ಲಿ ಬಟ್ಟೆ ಒಗೆದೆ.

ಆಮೇಲೆ ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾಯಿತು. ಊರಾಚೆ ಎಲ್ಲೋ ಜಲ್ಲಿಗಾಗಿ ಕಲ್ಲು ಸಿಡಿಸುತ್ತಿದ್ದರು. ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ಸದ್ದು, ಕೆಲವು ದಿನ ಎರಡು. ಅಜ್ಜಿ ಅದನ್ನೂ ಗಡಿಯಾರ ಮಾಡಿಕೊಂಡಳು. ಸದ್ದಾದ ಮೇಲೆ ಮುದ್ದೆ ತಿರುವುತ್ತಿದ್ದಳು. ನಾನು ಮಾತ್ರ ರಜೆಯ ದಿನಗಳಲ್ಲಿ ಆ ಹೊತ್ತಿಗೆ ಮಗಳನ್ನು ಸೊಂಟಕ್ಕೆ ಎತ್ತಿಕೊಂಡು ಬೀದಿಗೆ ಬಂದು ನಿಲ್ಲುತ್ತಿದ್ದೆ. ಏನು ಟೀಚರಮ್ಮ ಎಂದು ಯಾರಾದರೂ ಕೇಳಿದರೆ ಸೊಪ್ಪಿನವಳಿಗೆ ಕಾಯುತ್ತಿದ್ದೇನೆ ಎನ್ನುತ್ತಿದ್ದೆ. ಎಷ್ಟು ಸೊಪ್ಪು ತಿಂದೆವೋ ಆ ವರ್ಷ.

ಅದೇ ಬೇಸಿಗೆ ರಜೆಯಲ್ಲಿ ವರ್ಗಾವಣೆಯ ಅರ್ಜಿ ಬಂತು. ಬೇಕಾದವರು ತಮಗೆ ಬೇಕಾದ ಊರು ಬರೆದು ಶನಿವಾರದೊಳಗೆ ಕೊಡಬೇಕು. ಇಲ್ಲೇ ಇರುವವರು ಕೊಡಬೇಕಿಲ್ಲ. ಭಾನುವಾರ ಮಧ್ಯಾಹ್ನ ನಾನೂ ಗಂಡನೂ ಮಗಳ ಡ್ರಾಯಿಂಗ್ ಪುಸ್ತಕದ ಕೊನೆಯ ಹಾಳೆಯಲ್ಲಿ ಗೀಟೆಳೆದು ನಾಲ್ಕು ಚೌಕದ ಮನೆ ಹಾಕಿದೆವು: ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಪ್ರತಿಯೊಂದಕ್ಕೂ ಎಡಕ್ಕೆ ಒಳ್ಳೆಯದು, ಬಲಕ್ಕೆ ಕೆಟ್ಟದ್ದು.

ಹಿರಿಯೂರಿಗೆ ಮಾರಿಕಣಿವೆ ಅಣೆಕಟ್ಟೆಯ ನೀರು ಎಂದು ಎಡಕ್ಕೆ ಬರೆದೆವು. ಬಲಕ್ಕೆ ಬಿಸಿಲು, ಲಾರಿ. ಹೊಸದುರ್ಗಕ್ಕೆ ತೆಂಗಿನಕಾಯಿ ಅಗ್ಗ ಎಂದು ಅವನು ಬರೆದ. ಅಲ್ಲಿಂದ ಭೀಮಸಮುದ್ರಕ್ಕೆ ದಿನಾ ಹೋಗಿ ಬರುವವನು ನೀನೇ ಎಂದು ನೆನಪಿಸಿದ ಮೇಲೆ ಆ ಮನೆಗೇ ಗೀಟು ಹಾಕಿದ. ಹೊಳಲ್ಕೆರೆ ಮಂಡಿಗೆ ಹತ್ತಿರ, ಅಲ್ಲಿ ಅವನ ಅಕ್ಕನ ಮನೆಯಿತ್ತು. ಅಕ್ಕನನ್ನು ಅವನು ಎಡಕ್ಕೆ ಬರೆದ. ನಾನು ಪೆನ್ಸಿಲ್ ಕಸಿದುಕೊಂಡು ಬಲಕ್ಕೂ ಬರೆದೆ. ಇಬ್ಬರೂ ನಕ್ಕೆವು.

ದುರ್ಗದ ಎಡಬದಿ ತುಂಬಿಹೋಯಿತು. ಗಾಳಿ. ಆಸ್ಪತ್ರೆ. ಎಲ್ಲಿಗೆ ಬೇಕಾದರೂ ಬಸ್ಸು. ಮಗಳಿಗೆ ಮುಂದೆ ಓದಲು ಶಾಲೆ, ಕಾಲೇಜು. ಜ್ವರ ಬಂದರೆ ಕರೆಯದೆ ಬರುವ ಓಣಿಯ ಜನ. ಬಲಬದಿಗೆ ನೀರು ಎಂದು ಬರೆದೆವು, ವಾರಕ್ಕೊಮ್ಮೆ ಬಂದರೆ ಪುಣ್ಯ ಎನ್ನುವ ಕಾಲ ಅದು. ಆಮೇಲೆ ಧೂಳು ಎಂದು ಬರೆದೆವು. ಆಮೇಲೆ ಪೆನ್ಸಿಲ್ ನಿಂತಿತು. ಅವನು ನನ್ನ ಮುಖ ನೋಡಿದ, ನಾನು ಹಿತ್ತಿಲ ಬಾಗಿಲು ನೋಡಿದೆ. ಇಬ್ಬರೂ ಬರೆಯಲಿಲ್ಲ. ಬರೆದರೆ ಉಳಿದ ಸಾಲುಗಳಿಗೆ ಅರ್ಥವೇ ಇರುತ್ತಿರಲಿಲ್ಲ.

ಸಂಜೆ ಪುಸ್ತಕ ತೆಗೆದರೆ ದುರ್ಗದ ಮನೆಯ ಬಲಬದಿಯಲ್ಲಿ ಮಗಳು ಕ್ರೇಯಾನಿನಿಂದ ಒಂದು ದೊಡ್ಡ ಸುತ್ತು ಬರೆದು ಒಳಗೆಲ್ಲ ಬೂದಿ ಬಣ್ಣ ತುಂಬಿದ್ದಳು. ಅಥವಾ ಅದು ಎಡಬದಿಯಲ್ಲಿತ್ತೋ ಏನೋ. ಆ ಹಾಳೆ ಈಗ ನನ್ನ ಬಳಿ ಇಲ್ಲ.

ಮರುದಿನ ಮಧ್ಯಾಹ್ನವೇ ನಾನು ಮೊದಲು ಹೇಳಿದ ಸದ್ದು. ಇಷ್ಟು ದಿನದ್ದಕ್ಕಿಂತ ಹತ್ತಿರದ್ದು. ನಾನಿನ್ನೂ ಬೀದಿಗೆ ಹೊರಟಿರಲಿಲ್ಲ. ಹೆಂಚಿನ ಸಂದಿಯಿಂದ ಮಣ್ಣು ಉದುರಿತು. ಮಗಳನ್ನು ಅಜ್ಜಿಯ ಕೈಗೆ ಕೊಟ್ಟು ಹಿತ್ತಿಲಿಗೆ ಓಡಿದೆ. ತೇಪೆಯ ಮೇಲೆ, ಕುಂಕುಮದ ಬೊಟ್ಟನ್ನು ಸರಿಯಾಗಿ ಎರಡು ಮಾಡಿ, ಒಂದು ಬಿರುಕು.

ಗಾರೆಯವನು ಊಟಕ್ಕೆ ಬಂದಿದ್ದ. ಕೈ ತೊಳೆಯದೆಯೇ ಬಂದು ಬಗ್ಗಿ ನೋಡಿದ. "ಬಿಸಿಲಿಗೆ ಬಿರಿದೈತೆ ಬಿಡ್ರಿ ಟೀಚರಮ್ಮ. ವರ್ಷಾ ಬಿರಿತೈತೆ."

"ವರ್ಷಾ ಬಿರಿಯುತ್ತಾ?"

"ಮತ್ತೆ? ಯುಗಾದಿಗೆ ಮನೆಗೆಲ್ಲ ಸುಣ್ಣ ಹೊಡಿತೀವಲ್ಲ, ಉಳಿದಿದ್ದು ಇದಕ್ಕೆ ಮೆತ್ತಿ ಮುಚ್ತೀವಿ. ಬಿರುಕು ಇಟ್ಕಂಡು ಹಬ್ಬ ಮಾಡಾಕಾಗ್ತೈತೇನ್ರಿ?"

ನಾನು ಅವನನ್ನೇ ನೋಡಿದೆ. ಅವನಿಗೆ ಅರ್ಥವಾಗಲಿಲ್ಲ. ಕರಣೆ ತರಿಸಿ ತೇಪೆಯ ಒಂದು ಮೂಲೆ ಕೆರೆಯಲು ಹೇಳಿದೆ. ಕೆರೆದ. ಒಂದು ಪದರ ಉದುರಿತು, ಕೆಳಗೆ ಇನ್ನೊಂದು ಬಿರುಕು. ಅದರ ಕೆಳಗೆ ಮತ್ತೊಂದು. ನಾಲ್ಕೈದು ಪದರ ಹೋಗುವಷ್ಟರಲ್ಲಿ ಅವನ ಕೈ ತಾನಾಗಿಯೇ ನಿಂತಿತು. ಬಂಡೆ ಪ್ರತಿ ವರ್ಷ ಹೇಳಿದ್ದನ್ನು ನಾವು ಪ್ರತಿ ವರ್ಷ ಹಬ್ಬಕ್ಕೆ ಮುಚ್ಚಿದ್ದೆವು. 'ನಾವು' ಎಂದೆ. ನಾಲ್ಕು ಯುಗಾದಿಗಳಲ್ಲಿ, ಯಾಕೆಂದು ಬಗ್ಗಿ ನೋಡದೆ, ಸುಣ್ಣದ ಬಕೀಟು ಹಿತ್ತಿಲಿಗೆ ಒಯ್ದು ಕೊಟ್ಟವಳು ನಾನೇ.

"ಬಿಸಿಲಿಗೇ ಇರಬೌದು," ಎಂದ ಅವನು, ಈಗ ಸಣ್ಣ ದನಿಯಲ್ಲಿ. "ಸುಣ್ಣ ಅಂದ್ರೆ ಬಿರಿಯೋದೇಯ."

ಇರಬಹುದು. ಹಾಗಾದರೆ ಬಂಡೆ ಕದಲಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಈ ಸಂದಿ ಮೊದಲಿನಿಂದಲೂ ಇಷ್ಟೇ ಇತ್ತೇ? ಅದನ್ನು ಬಲ್ಲವಳು ಒಬ್ಬಳೇ. ಅಜ್ಜಿ ಮಗಳನ್ನು ಕರೆದುಕೊಂಡು ಹಿತ್ತಿಲಿಗೆ ಬಂದಿದ್ದಳು.

"ನಾನು ಮದುವ್ಯಾಗಿ ಬಂದಾಗ ಇದ್ರಾಗೆ ಒಂದು ವೀಳ್ಯದೆಲೆ ತೂರ್ತಿರಲಿಲ್ಲ," ಎಂದಳು ಅಜ್ಜಿ.

"ಆದ್ರೆ ಅಜ್ಜಿ, ನಿಮ್ಮ ಮಗ ಸಣ್ಣೋನಿದ್ದಾಗ ಬುಗುರಿ ಇದರೊಳಗೆ ಬಿಟ್ಟಿದ್ದ, ಅದಕ್ಕೆ ಹೊಡೆದಿದ್ದೆ ಅಂತ ಹೋದ ವರ್ಷ ಹೇಳಿದ್ರಲ್ಲ. ಎಲೆ ತೂರದ ಸಂದಿಗೆ ಬುಗುರಿ ಹೆಂಗೆ ತೂರ್ತು?"

ಅಜ್ಜಿ ಸಂದಿಯ ಅಂಚನ್ನು ಬೆರಳಿನಿಂದ ಸವರಿದಳು. "ಎರಡೂ ನಿಜಾನೇ ಕಣವ್ವ. ಹೊಡೆದಿದ್ದಂತೂ ನೆಪ್ಪೈತೆ."

"ಬುಗುರಿ ಸಿಕ್ತಾ?"

"ಎಲ್ಲಿ ಸಿಗ್ತೈತೆ. ಒಳಗೇ ಐತೆ."

ನಗು ಬರಬೇಕಾದ ಮಾತು. ಆದರೆ ನನ್ನ ಮಗಳ ತಲೆಯ ಮೇಲೆ ಏನು ಕೂತಿದೆ ಎನ್ನುವುದು ಈಗ ಒಬ್ಬ ಮುದುಕಿಯ ಎರಡು ನೆನಪುಗಳಲ್ಲಿ ಯಾವುದು ಸರಿ ಎನ್ನುವುದಕ್ಕೆ ಬಂದು ನಿಂತಿತ್ತು. ಬುಗುರಿ ಸಿಕ್ಕರೆ ಸಂದಿ ಆಗಲೂ ಇಷ್ಟೇ ಇತ್ತು, ಬಂಡೆ ಕದಲಿಲ್ಲ, ಅರ್ಜಿ ಕೊಡಬೇಕಿಲ್ಲ. ನಾನು ಹಾಗೆ ಹೇಳಿದಾಗ ಗಾರೆಯವನಿಗೂ ಉತ್ಸಾಹ ಬಂತು. ಕಟ್ಟಡದ ತಂತಿಯೊಂದನ್ನು ತಂದು ತುದಿ ಬಗ್ಗಿಸಿ ಸಂದಿಯೊಳಗೆ ಬಿಟ್ಟ.

"ಲೇ, ನಿಧಾನ," ಎಂದಳು ಅಜ್ಜಿ, "ಮ್ಯಾಲಿನೋರಿಗೆ ಚುಚ್ಚಬ್ಯಾಡ."

ಮೊದಲು ಒಣ ಎಲೆ ಬಂತು. ಆಮೇಲೆ ಹಲ್ಲಿಯ ಮೊಟ್ಟೆಯ ಓಡು, ಹಂಚಿಕಡ್ಡಿ, ಮಣ್ಣು. ತಂತಿ ಮೊಳದುದ್ದ ಒಳಗೆ ಹೋಯಿತು. ಏನೋ ತಾಗಿತು ಎಂದ. ಅವನು ಮೆಲ್ಲಗೆ ಎಳೆದ. ಹೊರಗೆ ಬಂದದ್ದು ಕೆಂಪು ಪ್ಲಾಸ್ಟಿಕ್ಕಿನ ಹೇರ್ ಕ್ಲಿಪ್ಪು. ಹಿಂದಿನ ತಿಂಗಳಷ್ಟೇ ಬಸ್ ಸ್ಟ್ಯಾಂಡಿನ ಹತ್ತಿರ ಮಗಳಿಗೆ ಕೊಂಡದ್ದು, ಕಳೆದುಕೊಂಡು ಬಂದಿದ್ದಾಳೆ ಎಂದು ನಾನು ಬೈದಿದ್ದೆ.

"ಅದು ಅವರಿಗೆ," ಎಂದಳು ಮಗಳು ಅಜ್ಜಿಯ ಸೀರೆ ಹಿಡಿದುಕೊಂಡು. "ಮೇಲಿನ ಮನೆಯವರಿಗೆ ಕೊಟ್ಟಿದ್ದು. ಒಳಗೆ ಇನ್ನೂ ಬೇಕಾದಷ್ಟು ಐತೆ."

ಬಟ್ಟೆ ಒಗೆಯುವ ಕಲ್ಲು ಹತ್ತಿ, ಭುಜದವರೆಗೆ ಕೈ ತೂರಿಸಿ, ಎಷ್ಟು ಮಧ್ಯಾಹ್ನ ಅವಳು ಅಲ್ಲಿ ನಿಂತಿದ್ದಳೋ. ನಾನು ಬೀದಿಯಿಂದ ಒಳಗೆ ಬಂದು, ಎರಡನೆಯದೂ ಆಗುತ್ತದೋ ಎಂದು ಅಡುಗೆಮನೆಯಲ್ಲಿ ಡಬ್ಬಿಗಳ ಸದ್ದಿಗೆ ಕಿವಿ ಕೊಟ್ಟು ಕೂತಿದ್ದಾಗ.

ಗಾರೆಯವನು ಬುಗುರಿಗಾಗಿ ಮತ್ತೆ ತಂತಿ ಬಿಡಲು ಹೋದ. ಸಾಕು ಎಂದೆ. ಬುಗುರಿ ಈಗ ಸಿಕ್ಕಿದ್ದರೂ ನಾನು ಅದನ್ನು ನಂಬುತ್ತಿರಲಿಲ್ಲ. ಸಂಜೆ ಅರ್ಜಿಯಲ್ಲಿ ಹೊಳಲ್ಕೆರೆ ಎಂದು ಬರೆದೆ. ಎರಡನೆಯ, ಮೂರನೆಯ ಸಾಲು ಖಾಲಿ ಬಿಟ್ಟೆ. ಗಂಡ ಮಂಡಿಯಿಂದ ಬಂದವನು ಓದಿ, ಕ್ಲಿಪ್ಪನ್ನು ಕೈಯಲ್ಲಿ ತಿರುಗಿಸಿ ನೋಡಿ, ಮಗಳ ಕೈಗಳನ್ನು ಸೋಪು ಹಚ್ಚಿ ಮೊಣಕೈವರೆಗೆ ತೊಳೆದ. ಒಮ್ಮೆ ತೊಳೆದು ಮತ್ತೊಮ್ಮೆ ತೊಳೆದ.

ಅಜ್ಜಿಗೆ ಬೇಸರವಾಯಿತು. "ನನ್ನ ಜನ್ಮ ಪೂರ್ತಿ ಬೀಳದ್ದು, ನೀನು ಬಂದಿದ್ದಕ್ಕೆ ಬೀಳ್ತೈತಾ? ಅಷ್ಟು ದೊಡ್ಡ ಮನುಷ್ಯಳೇನವ್ವ ನೀನು?" ಎಂದಳು. ಹಾಗೆಂದವಳೇ ಹೊರಡುವ ದಿನ ಮಗಳ ಉಡಿಗೆ ಕೊಬ್ಬರಿ ಬೆಲ್ಲ ಹಾಕಿದಳು.

ಅದಕ್ಕೆ ಎರಡು ದಿನ ಮೊದಲು ಮನೆ ನೋಡಲು ಹಿರೇಗುಂಟನೂರಿನ ಕಡೆಯ ಗಂಡ ಹೆಂಡತಿ ಬಂದಿದ್ದರು. ಅವನಿಗೆ ದುರ್ಗದ ಪ್ರೆಸ್ಸೊಂದರಲ್ಲಿ ಕೆಲಸ ಸಿಕ್ಕಿತ್ತು. ಅವಳ ಹೆಗಲ ಮೇಲೆ ಐದಾರು ತಿಂಗಳ ಕೂಸು. ಬರ್ರಿ, ಕುಂತ್ಕಳ್ರಿ ಎಂದು ಅಜ್ಜಿ ಜಗಲಿಯಲ್ಲಿ ಕೂರಿಸಿದಳು. ಗಾಳಿ ಚೆನ್ನಾಗಿದೆ, ಜನ ಚೆನ್ನಾಗಿದ್ದಾರೆ, ಆಸ್ಪತ್ರೆ ಹತ್ತಿರ. ನಮ್ಮ ಹಾಳೆಯ ಎಡಬದಿಯನ್ನೇ ಓದಿದಂತೆ ಓಣಿಯವರೆಲ್ಲ ಒಬ್ಬೊಬ್ಬರಾಗಿ ಹೇಳಿದರು. ನೀರಿನ ಮಾತೂ ಬಂತು. ಅವಳು ಎದ್ದು ಅಡುಗೆಮನೆಗೆ ಬಂದು ನನ್ನನ್ನು ಮೆಲ್ಲಗೆ ಕೇಳಿದಳು: "ಇದ್ದೋರು ನೀವು. ನಿಜ ಹೇಳ್ರಿ ಅಕ್ಕ, ಹೆಂಗೈತೆ?"

ನಾನು ಎಲ್ಲವನ್ನೂ ಹೇಳಿದೆ ಎಂದು ಬರೆಯಲು ಆಸೆ. "ನೀನು ಏನೂ ಹೇಳಲಿಲ್ಲ, ಅಜ್ಜಿ ಬಾಗಿಲಲ್ಲೇ ನಿಂತಿದ್ದಳು," ಎನ್ನುತ್ತಾನೆ ಗಂಡ. ಈ ಸಲ ಅವನು ಮನೆಯಲ್ಲಿದ್ದ. ಮಾತು ನನಗೂ ನೆನಪಿಲ್ಲ. ಮಾಡಿದ್ದು ನೆನಪಿದೆ: ಅವಳ ಮುಂಗೈ ಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಕೆರೆದ ತೇಪೆ ತೋರಿಸಿ, ಅವಳ ಕೈಯನ್ನು ಸಂದಿಯೊಳಗೆ ತೂರಿಸಿದೆ. ತೂರಿಸಿ ಅವಳ ಮುಖವನ್ನೇ ನೋಡುತ್ತ ನಿಂತೆ.

ಅವಳು ಕಣ್ಣರಳಿಸಿದಳು. "ಎಷ್ಟು ತಣ್ಣಗೈತೆ ಅಕ್ಕ," ಎಂದಳು.

ಅವರೇ ಆ ಮನೆಗೆ ಬಂದರು.

ಮುಂದಿನ ಯುಗಾದಿಯ ವಾರ, ಬಿಟ್ಟು ಬಂದಿದ್ದ ರುಬ್ಬುವ ಕಲ್ಲನ್ನು ಒಯ್ಯಲು ನಾನೂ ಗಂಡನೂ ಹೊಳಲ್ಕೆರೆಯಿಂದ ಹೋದೆವು. ಸೂರ್ಯ ನೆತ್ತಿಗೆ ಬಂದಿದ್ದ. ಹಿತ್ತಿಲಲ್ಲಿ ತೇಪೆ ಬೆಳ್ಳಗೆ ಹೊಳೆಯುತ್ತಿತ್ತು, ಇನ್ನೂ ಹಸಿ, ನಡುವೆ ಹೊಸ ಕುಂಕುಮ. ಅದರ ಕೆಳಗೆ ನೆರಳಿನಲ್ಲಿ, ಹಳೆಯ ಕೌದಿಯ ಮೇಲೆ, ಅವಳ ಕೂಸು ಬಾಯಿ ಕಳೆದು ಮಲಗಿತ್ತು.

"ಮಗೀನ ಒಳಗೆ ಮಲಗಿಸು," ಎಂದೆ.

"ಒಳಗೆ ಹೆಂಚಿನ ಕಾವು ಅಕ್ಕ. ಇಲ್ಲೇ ಹಾಯಾಗಿರ್ತಾಳೆ. ನೀವೇ ತೋರಿಸಿದ್ದಲ್ಲ ಈ ಜಾಗ."

ನಾನು ಅವಳನ್ನು ಕೇಳದೆ ಬಗ್ಗಿ ಕೂಸನ್ನು ಎತ್ತಿಕೊಂಡೆ. ಅದು ಎಚ್ಚರವಾಗಿ ಕಿರುಚಿತು. ಎತ್ತಿಕೊಂಡೇ ನಡುಮನೆ ದಾಟಿ ಬೀದಿಗೆ ಬಂದು ನಿಂತೆ. ಅವಳು ಹಿಂದೆಯೇ ಬಂದಳು, ನಗುತ್ತ, ಆದರೆ ಎರಡೂ ಕೈ ಚಾಚಿಕೊಂಡು. ರುಬ್ಬುವ ಕಲ್ಲನ್ನು ಗೋಣಿಯಲ್ಲಿ ಸುತ್ತಿ ಆಟೋಕ್ಕೆ ಏರಿಸಿದ್ದ ಗಂಡ, "ಹೋಗಾಣ ಬಾ, ಬಸ್ಸಿಗೆ ಹೊತ್ತಾತು," ಎಂದ. ಊಟದ ಹೊತ್ತು. ಸದ್ದು ಇನ್ನೂ ಆಗಿರಲಿಲ್ಲ. ಆಗುವವರೆಗಾದರೂ ಕೊಡಬಾರದು ಎಂದುಕೊಂಡೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಕೂಸಿನ ಅಳು ನಿಲ್ಲಲಿಲ್ಲ.

ಕೊಟ್ಟೆ. ಆಟೋ ಓಣಿಯ ತಿರುವಿಗೆ ಬಂದಾಗ ಹಿಂದಿರುಗಿ ನೋಡಿದೆ. ಅವಳು ಕೂಸನ್ನು ಹೆಗಲಿಗೆ ಹಾಕಿಕೊಂಡು, ಬೆನ್ನು ತಟ್ಟುತ್ತ, ಹಿತ್ತಿಲ ಕಡೆಗೆ ಹೋಗುತ್ತಿದ್ದಳು.