ಮೇಲ್ ಸರ್ವರ್ ಯಾರ ಮನೆಗೆ

ಸಿಡಿಲು ಬಡಿದು ಮೋಡೆಮ್ ಸುಡಬಹುದಿತ್ತು. ಕಂಬಂನ ಫೋನ್ ಲೈನು ಗಾಳಿ ಬೀಸಿದರೆ ಸಾಕು, ಗೊರಗೊರ ಅನ್ನುತ್ತಿತ್ತು; ಪತ್ರಗಳೆಲ್ಲ ಉತ್ತಮಪಾಳಯಂ ದಾಟದೆ ಉಳಿಯಬಹುದಿತ್ತು. ಗೋದಾಮಿನ ಇಲಿ ತಂತಿ ಕಡಿಯಬಹುದಿತ್ತು. ಕರೆಂಟು ಹೋಗಬಹುದಿತ್ತು, ಅಲ್ಲ, ಅದು ದಿನಾ ಹೋಗುತ್ತಲೇ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಹೆಂಡತಿಯ ದೊಡ್ಡಣ್ಣ ಮುನಿಸಿಕೊಳ್ಳಬಹುದಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ಹೆಂಡತಿಯ ಅಣ್ಣಂದಿರು ಮೂವರು, ತಮಿಳುನಾಡಿನಲ್ಲಿ ನೆಲೆಸಿದ ಕನ್ನಡದವರು. ದೊಡ್ಡವರದು ಕಂಬಂನಲ್ಲಿ ದ್ರಾಕ್ಷಿ ಗೋದಾಮು, ನಡುವಿನವರದು ತೇನಿಯಲ್ಲಿ ಹತ್ತಿ ಮಂಡಿ, ಚಿಕ್ಕವರದು ದಿಂಡಿಗಲ್ಲಿನಲ್ಲಿ ನೂಲಿನ ಗಿರಣಿ. ಅವರವರೊಳಗೆ ಮಾತು ಕಡಿಮೆಯಾಗಿತ್ತು. ಕಂಪ್ಯೂಟರುಗಳೂ ಹಾಗೇ: ಊರಿಗೊಂದು ಡೊಮೈನ್, ಅಂದರೆ ಅದರದೇ ಬೇಲಿ, ಬೇಲಿಯೊಳಗೆ ಬರಬಹುದಾದವರ ಅದರದೇ ಪಟ್ಟಿ. ಮೂರಕ್ಕೂ ಸೇರಿ ಒಂದು ಮೇಲ್ ಸರ್ವರ್ ಇಡುವ ಕೆಲಸ, ಗಿರಣಿಯ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ನನ್ನ ತಲೆಗೆ ಬಿತ್ತು. ಅದು ಯಾವ ಬೇಲಿಯೊಳಗೆ ಕೂರುತ್ತದೋ ಆ ಬೇಲಿ ಉಳಿದೆರಡನ್ನೂ ನಂಬುವಂತೆ ಮಾಡಬೇಕು. ಅಣ್ಣತಮ್ಮಂದಿರಲ್ಲಿ ಆಗದ್ದನ್ನು ನಾನು ಯಂತ್ರಗಳಲ್ಲಿ ಆಗಿಸಬೇಕು.

ಬುದ್ಧಿ ದಿಂಡಿಗಲ್ ಅಂದಿತು. ಅಲ್ಲಿ ಲೈನು ನೆಟ್ಟಗಿತ್ತು, ಜನರೇಟರ್ ಇತ್ತು.

"ದೊಡ್ಡಣ್ಣ ಇರ್ಬೇಕಾದ್ರೆ ಚಿಕ್ಕೋನ ತಾವ ಇಕ್ಕಿದ್ರೆ, ನಾ ಮತ್ತೆ ಆ ಮನೆ ಹೊಸ್ಲು ತುಳ್ಯಂಗಿಲ್ಲ," ಅಂದಳು ಹೆಂಡತಿ. "ನಿಮ್ಗೇನು, ಬಯ ಬೀಳಾಕೆ ಇನ್ನೊಂದು ಸಿಕ್ತು ಅಂತ ಕೂತ್ಕತೀರ."

ವೀಳ್ಯ ಮೊದಲು ಹಿರಿಯರಿಗೆ. ಸರ್ವರನ್ನು ವ್ಯಾನಿಗೆ ಹಾಕಿಸಿ, ರಸ್ತೆಯ ಪ್ರತಿ ಹಳ್ಳಕ್ಕೂ ಕಣ್ಣು ಮುಚ್ಚಿಕೊಳ್ಳುತ್ತ ಕಂಬಂಗೇ ಒಯ್ದೆ. ಮೂರೂ ಪಟ್ಟಿಗಳಿಂದ ಹೆಸರೆತ್ತಿ ಒಬ್ಬೊಬ್ಬರಿಗೂ ಒಂದೊಂದು ಅಂಚೆಪೆಟ್ಟಿಗೆ ಮಾಡಿದೆ. ಸಿಡಿಲು ಬರಲಿಲ್ಲ. ಇಲಿಯೂ ಬರಲಿಲ್ಲ. ತೇನಿಯ ಪತ್ರ ಬಂತು, ದಿಂಡಿಗಲ್ಲಿನದೂ ಬಂತು; ಗೋದಾಮಿನ ಗುಮಾಸ್ತ ಎರಡನ್ನೂ ಗಟ್ಟಿಯಾಗಿ ಓದಿದ.

ದೊಡ್ಡ ಭಾವ ಯಂತ್ರಕ್ಕೆ ಕುಂಕುಮವಿಟ್ಟು, ಅಂಗವಸ್ತ್ರ ಸರಿಮಾಡಿಕೊಂಡು ಪಕ್ಕದ ಕುರ್ಚಿಯಲ್ಲಿ ಕೂತರು.

"ತಂಬಿಗಳು ಬರ್ದವ್ರಾ, ಮಾಪ್ಳೆ?" ತಮ್ಮಂದಿರು ಅವರಿಗೆ ತಂಬಿಗಳು, ತಂಗಿಯ ಗಂಡ ನಾನು ಮಾಪ್ಳೆ.

"ಬರ್ದವ್ರೆ ಭಾವ. ಈಗ ಗುಮಾಸ್ತ ಓದುದ್ನಲ್ಲ."

"ತೇನಿ ಗೇಟ್ನಾಗೆ ಲಾರಿ ನಂಬರ್ ಕಂಪ್ಯೂಟರ್ಗೆ ಒತ್ತೋನ್ಗೂ ಪೆಟ್ಗೆ ಐತಂತೆ?"

"ಐತೆ ಭಾವ, ಎಲ್ರಿಗೂ ಐತೆ."

"ಸರಿ. ಈಗ ನಂದು ತೆಗಿ, ನೋಡಾನ."

ಭಾವ ಜೀವಮಾನದಲ್ಲಿ ಕಂಪ್ಯೂಟರ್ ಮುಟ್ಟಿದವರಲ್ಲ. ಹಾಗಾಗಿ ಮೂರು ಪಟ್ಟಿಗಳಲ್ಲಿ ಒಂದರಲ್ಲೂ ಅವರ ಹೆಸರಿರಲಿಲ್ಲ. ಅವರಿಗೊಂದು ಪೆಟ್ಟಿಗೆ ಮಾಡಬೇಕೆಂದು ನನಗೆ ಹೊಳೆದೇ ಇರಲಿಲ್ಲ.