ನೀಲವ್ವ ಹಿಡಿದ ಕೈ

ಇವತ್ತು ಬೆಳಿಗ್ಗೆ ಪಕ್ಕದ ಮನೆಯಲ್ಲಿ ಯಾರೋ ಜೋಳದ ರೊಟ್ಟಿ ಸುಡುತ್ತಿದ್ದರು. ಆ ವಾಸನೆಗೆ ನಾನು ಹಲ್ಲುಜ್ಜುವುದನ್ನೂ ಮರೆತು ಹಿತ್ತಲಲ್ಲಿ ನಿಂತುಬಿಟ್ಟೆ. "ಹಸಿವಾದರೆ ಹೇಳಿ, ಕಂಡವರ ಬೇಲಿ ಹತ್ತಿರ ನಿಲ್ಲಬೇಡಿ" ಎಂದಳು ಮನೆಯವಳು. ಹಸಿವಲ್ಲ ಮಾರಾಯರೇ, ನೆನಪು! ಅವಳಿಗಂತೂ ಪುರುಸೊತ್ತಿಲ್ಲ; ನೀವಾದರೂ ಕೇಳಿ.

ಆಗ ರಾಜ್ಯ ಒಂದಾದ ಹೊಸತು. ಮುಂಬಯಿ ಸರಕಾರದ ಮಾಸ್ತರನಾಗಿ ಯಲ್ಲಾಪುರಕ್ಕೆ ಬಂದ ನಾನು ಕೂತಲ್ಲೇ ಮೈಸೂರು ಸರಕಾರದ ಮಾಸ್ತರನಾಗಿಬಿಟ್ಟಿದ್ದೆ. ನನ್ನ ಊರು ಧಾರವಾಡದ ಕಡೆ. ಅತ್ತ ಕಡೆಗೆ ವರ್ಗ ಬೇಕೆಂದು ಸರಕಾರಕ್ಕೂ ಹೇಳಿಕೊಂಡಿದ್ದೆ, ಶಿವನಿಗೂ ಹೇಳಿಕೊಂಡಿದ್ದೆ. ಒಂದೇ ವಾರದಲ್ಲಿ ಇಬ್ಬರ ಮೇಲೂ ಸಿಟ್ಟು ಬಂದಿತ್ತು. 'ತಾಳಿದವನು ಬಾಳಿಯಾನು' ಎಂದು ಹುಡುಗರಿಂದ ದುಂಡಗೆ ಬರೆಸುತ್ತಿದ್ದವನೂ ನಾನೇ ಅನ್ನಿ.

ಊಟ ನೀಲವ್ವನ ಖಾನಾವಳಿಯಲ್ಲಿ. ಅವರು ಬನವಾಸಿ ಕಡೆಯವರು, ನಮ್ಮಂತೆಯೇ ಲಿಂಗಾಯತರು. ಗಂಡ ಗುರಪ್ಪನವರು ಅಕ್ಕಿ ವ್ಯಾಪಾರ ಮಾಡಿಕೊಂಡಿದ್ದವರು. ನಾನು ಬರುವ ಮೊದಲೇ ಲಕ್ವಾ ಹೊಡೆದು ಅವರ ಎಡಭಾಗ ಬಿದ್ದುಹೋಗಿತ್ತು, ಮಾತೂ ತೊದಲಾಗಿತ್ತು. ಕಾಡಿನಿಂದ ಮರದ ನಾಟಾ ಸಾಗಿಸುವ ಲಾರಿಯವರಿಗೆ ರೊಟ್ಟಿ ತಟ್ಟಿ ನೀಲವ್ವ ಸಂಸಾರ ಎಳೆಯುತ್ತಿದ್ದರು. ಮಳೆಗಾಲಕ್ಕೆ ಲಾರಿ ನಿಂತರೆ ಒಲೆಯೂ ಅರ್ಧ ನಿಂತಂತೆ. ಆಗ ನಾನೊಬ್ಬನೇ ಗಿರಾಕಿ, ಅದೂ ಪಲ್ಯಕ್ಕೆ ಉಪ್ಪು ಹೆಚ್ಚಾಯಿತು, ಕಡಿಮೆಯಾಯಿತು ಎಂದು ಕಿರಿಕಿರಿ ಮಾಡುವ ಗಿರಾಕಿ.

ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಬಲಗೈಯಿಂದ ಹೂವು ಪತ್ರಿ ಏರಿಸಿ ಪೂಜಿಸುತ್ತಾರೆ. ಗುರಪ್ಪನವರಿಗೆ ಬಿದ್ದುಹೋದದ್ದು ಆ ಎಡಗೈಯೇ. ನೀಲವ್ವ ದಿನಾ ಬೆಳಿಗ್ಗೆ ಆ ಕೈಗೆ ಎಣ್ಣೆ ತಿಕ್ಕಿ, ಮಡಿಸಿಹೋದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಲಿಂಗ ಇಟ್ಟು, ಕೆಳಗೆ ತಮ್ಮ ಅಂಗೈ ಕೊಟ್ಟು ಗಂಡನ ಎದೆಯ ಮಟ್ಟಕ್ಕೆ ಎತ್ತಿ ಹಿಡಿಯುತ್ತಿದ್ದರು. ಪೂಜೆ ಮುಗಿಯುವತನಕ ಹಾಗೇ. ಹೊರಗೆ ಡ್ರೈವರುಗಳು ತಾಟು ಬಡಿದರೂ ಅಷ್ಟೇ.

ಒಮ್ಮೆ ಬನವಾಸಿಯಿಂದ ಬಂದ ನೀಲವ್ವನ ಅಣ್ಣ ಗದರಿದ. "ಸತ್ತ ಕೈಯಾಗ ಲಿಂಗಾ ಇಡ್ತೀಯಲ್ಲ, ಜಾರಿ ನೆಲಕ್ಕ ಬಿದ್ರ ಏನ್ ಗತಿ? ಬಲಗೈಯಾಗ ಇಡು, ಇಲ್ಲಾ ನಿನ್ನ ಕೈಯಾಗ ಇಟ್ಕೊ."

ಲಿಂಗ ನೆಲಕ್ಕೆ ಬೀಳುವುದೆಂದರೆ ನಮ್ಮವರಿಗೆ ಪ್ರಾಣ ಹೋದಷ್ಟೇ. ನೀಲವ್ವ ಮಾತ್ರ ರೊಟ್ಟಿ ತಿರುವುತ್ತಲೇ ಹೇಳಿದರು: "ಲಿಂಗಾ ಹಿಡಿಯೋ ಕೈ ಅದು ಅಣ್ಣಾ. ಕೊಟ್ಟಾಂವ ಶಿವ. ಅವಂಗ ನೆನಪೈತಿ, ನೀ ಸುಮ್ನಿರು."

ಅಣ್ಣ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ, ಯಾರ ಪರವಾಗಿ ಎಂದು ನನಗೂ ತಿಳಿಯಲಿಲ್ಲ. ಒಳಗೊಳಗೆ ಮಾತ್ರ, ಪಾಪ, ಹುಚ್ಚು ಹೆಂಗಸು ಎಂದುಕೊಂಡೆ.

ಮಳೆಗಾಲಗಳು ಬಂದವು, ಹೋದವು. ನನ್ನ ವರ್ಗ ಬರಲಿಲ್ಲ, ಗುರಪ್ಪನವರ ಕೈಯೂ ಬರಲಿಲ್ಲ. ನಾನು ಸ್ನಾನ ಮುಗಿಸಿ ಲಿಂಗ ನೋಡಿದ್ದೇ ಪೂಜೆ ಎಂದು ಎದ್ದುಬಿಡುತ್ತಿದ್ದೆ. ನೀಲವ್ವನ ತಲೆಯಲ್ಲಿ ಬಿಳಿಕೂದಲು ಕಾಣಿಸಿತು. ಎಣ್ಣೆ ತಿಕ್ಕುವುದು ಮಾತ್ರ ತಪ್ಪಲಿಲ್ಲ.

ಒಂದು ಸೋಮವಾರ. ನಾನು ಚಹಾ ಕುಡಿಯುತ್ತಾ ಕೂತಿದ್ದೆ, ಒಳಗಿನ ಬಾಗಿಲು ತೆರೆದೇ ಇತ್ತು. ಪೂಜೆಯ ನಡುವೆ ಗುರಪ್ಪನವರು ತೊದಲಿದರು. "ನೀಲಾ... ಕೈ ತೆಗಿ."

"ಏನಂದ್ರಿ?"

"ನಿನ್ನ ಕೈ. ತೆಗಿ."

ನೀಲವ್ವನ ಮುಖ ಬಿಳಿಚಿತು. ಅಣ್ಣನ ಬಾಯಿ ಮುಚ್ಚಿಸಿದ್ದ ಹೆಂಗಸು ಹೆದರಿದ್ದನ್ನು ಅವತ್ತೇ ನೋಡಿದ್ದು. "ಶಿವಾ, ಮರ್ಯಾದಿ ನಿಂದು" ಎಂದವರೇ ಒಂದು ಕೈಯಿಂದ ಸೆರಗು ಒಡ್ಡಿ, ಇನ್ನೊಂದನ್ನು ಮೆಲ್ಲಗೆ ಕೆಳಕ್ಕೆ ಸರಿಸಿದರು. ನಾನು ಎದ್ದು ನಿಂತಿದ್ದೆ.

ಗುರಪ್ಪನವರ ಕೈ ಅದುರಿತು. ಒಂದಿಷ್ಟು ಇಳಿಯಿತು. ನಿಂತಿತು. ಬೆರಳುಗಳು ಲಿಂಗದ ಸುತ್ತ ತಾವಾಗಿ ಮೇಲಕ್ಕೆ ಬಾಗಿದವು. ಮತ್ತೆ ಆ ಕೈ ಎದೆಯ ಮಟ್ಟಕ್ಕೆ ಏರಿತು, ಅವರದೇ ಬಲದಿಂದ!

"ಬರ್ರೋ, ಎಲ್ಲಾರೂ ಬರ್ರೋ! ನಮ್ಮನಿಯವರ ಕೈ ನೋಡ್ ಬರ್ರಿ!" ನೀಲವ್ವನ ಕೂಗಿಗೆ ಡ್ರೈವರುಗಳು ಎಂಜಲು ಕೈಯಲ್ಲೇ ಓಡಿಬಂದು ಹೊಸ್ತಿಲಾಚೆ ನಿಂತರು. ನೀಲವ್ವ ನಗುತ್ತಾ, ಅಳುತ್ತಾ, ಶಿವನನ್ನೇ ಬೈಯುತ್ತಿದ್ದರು: "ಎಷ್ಟು ಕಾಯಿಸ್ದ್ಯೋ ನಮ್ಮಪ್ಪಾ! ನಿನ್ನ ಮ್ಯಾಲೆ ನಂಗೂ ಸಿಟ್ಟಿತ್ತು, ಯಾರ ಮುಂದೂ ಹೇಳಿದ್ದಿಲ್ಲ. ಈಗ ಹೋತು, ಎಲ್ಲಾ ಹೋತು!" ನನಗೂ ಕಣ್ಣು ತುಂಬಿಬಂತು. ಅಂಥ ಸಂತೋಷ ಮುಂದೆ ನನ್ನ ಮದುವೆಯ ದಿನವೂ ಆಗಲಿಲ್ಲ. ಇದನ್ನು ಮನೆಯವಳಿಗೆ ಹೇಳಬೇಡಿ.

ಮಧ್ಯಾಹ್ನ ಎಲ್ಲರಿಗೂ ಗೋಧಿ ಹುಗ್ಗಿ. ಬಡಿಸುತ್ತಿದ್ದ ನೀಲವ್ವನನ್ನು ನಾನು ಕೇಳಿಯೇಬಿಟ್ಟೆ. "ಅಕ್ಕಾರ, ಕೈ ಬರದೇ ಇದ್ದಿದ್ದರೆ ಏನು ಮಾಡ್ತಿದ್ರಿ?"

ಅವರು ನನ್ನನ್ನು ದಡ್ಡ ಹುಡುಗನನ್ನು ನೋಡುವಂತೆ ನೋಡಿದರು. "ಏನ್ ಮಾಡೋದ್ರಿ ಮಾಸ್ತರ? ನಾಳೆನೂ ಹಿಡೀತಿದ್ದೆ."

ಇಷ್ಟೆಲ್ಲ ನೆನೆದು ಒಳಗೆ ಬಂದು, ಸ್ನಾನ ಮಾಡಿ ಲಿಂಗಪೂಜೆಗೆ ಕೂತೆ. ಸ್ವಲ್ಪ ಹೊತ್ತಿಗೆ ಮನೆಯವಳು ಕೂಗಿದಳು, "ದೋಸೆ ಆರಿಹೋಗ್ತದೆ, ಇನ್ನೂ ಏಳಲಿಲ್ವಾ?"

"ಆರಲಿ ಬಿಡು" ಎಂದು ಅಲ್ಲೇ ಕೂತೆ.