ಬೆರಳಿಗೆ ಶಾಯಿ ಹಚ್ಚುತ್ತಿದ್ದ ನಮ್ಮಪ್ಪ

ನಮ್ಮಪ್ಪನಷ್ಟು ಹೆದರುಪುಕ್ಕಲರನ್ನು ನಾನು ಕಂಡಿಲ್ಲ. ಮಲಗುವ ಮುಂಚೆ ಬಾಗಿಲ ಚಿಲಕವನ್ನು ಮೂರು ಸಲ ಮುಟ್ಟಿ ನೋಡುತ್ತಿದ್ದರು. ಜಿರಳೆ ಕಂಡರೆ ಪೊರಕೆಯನ್ನು ನನ್ನ ಕೈಗೆ ಕೊಟ್ಟು ತಾವು ಹೊರಗೆ ಹೋಗಿ ನಿಲ್ಲುತ್ತಿದ್ದರು. ಬೀದಿಯಲ್ಲಿ ಎರಡು ನಾಯಿ ಗುರ್ರೆಂದರೆ ಸಾಕು, ಊರೆಲ್ಲ ಸುತ್ತಿ ಬೇರೆ ದಾರಿಯಲ್ಲಿ ಮನೆ ಸೇರುತ್ತಿದ್ದರು. ಜನ ಅವರನ್ನು 'ಪುಕ್ಕಲು ಅಟೆಂಡರ್' ಎಂದೇ ಕರೆಯುತ್ತಿದ್ದರು, ಕೆಲವರು ಎದುರಿಗೇ. ಅದನ್ನು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಅರ್ಧ ಆ ಜನರ ಮೇಲೆ, ಅರ್ಧ ಅಪ್ಪನ ಮೇಲೆ.

ಅವರು ಅಟೆಂಡರ್ ಆಗಿದ್ದದ್ದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ. ಗಾಜು ತೊಳೆಯುವುದು, ಬಾಟಲಿ ತುಂಬುವುದು, ಲೇಬಲ್ ಅಂಟಿಸುವುದು. ಕೆಲಸಕ್ಕೆ ಸೇರಿದ ಮೊದಲ ವರ್ಷ ನೀರು ಎಂದು ಬರೆದ ಬಾಟಲಿಯಲ್ಲಿ ಯಾರೋ ಆಸಿಡ್ ತುಂಬಿಟ್ಟಿದ್ದರಂತೆ. ಅಪ್ಪ ನೋಡದೆ ಅದನ್ನೇ ಒಬ್ಬ ಹುಡುಗಿಯ ಮುಂದೆ ಇಟ್ಟರು. ಅವಳ ಎಡಗೈ ಸುಟ್ಟುಹೋಯಿತು. ಅಂದಿನಿಂದ ಅಪ್ಪನಿಗೆ ಲೇಬಲ್ಲಿನ ಹುಚ್ಚು ಹಿಡಿಯಿತು. ನಮ್ಮ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಗೂ ಲೇಬಲ್, ಸಕ್ಕರೆ ಡಬ್ಬಿಗೂ ಲೇಬಲ್, ತಾರೀಖಿನ ಸಮೇತ. ನಾನು ಒಮ್ಮೆ ಕಾಫಿಪುಡಿ ಡಬ್ಬಿಗೆ ಟೀ ಪುಡಿ ಸುರಿದದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು. "ಮೇಲೆ ಏನು ಬರೆದಿದೆಯೋ ಒಳಗೆ ಅದೇ ಇರಬೇಕಮ್ಮಾ," ಎನ್ನುತ್ತಿದ್ದರು. ಅವರು ದನಿ ಏರಿಸಿ ಹೇಳುತ್ತಿದ್ದ ಮಾತು ಇದೊಂದೇ.

ಪ್ರತಿ ಚುನಾವಣೆಯಲ್ಲೂ ಅವರನ್ನು ನಮ್ಮ ಬೀದಿಯ ಕೊನೆಯ ಶಾಲೆಗೆ ಹಾಕುತ್ತಿದ್ದರು. ಕೆಲಸ ಇಷ್ಟೇ: ಓಟು ಹಾಕಲು ಬಂದವರ ಎಡಗೈ ತೋರುಬೆರಳು ನೋಡಬೇಕು, ಶಾಯಿ ಇಲ್ಲದಿದ್ದರೆ ಹಚ್ಚಿ ಮುಂದೆ ಕಳಿಸಬೇಕು. ಒಂದು ತೊಟ್ಟೂ ಮೇಜಿಗೆ ಬೀಳಿಸದ ಕೈ ಎಂದು ಅಧಿಕಾರಿಗಳಿಗೆಲ್ಲ ಅವರ ಮೇಲೆ ಪ್ರೀತಿ.

ಆ ವರ್ಷ ವಿಧಾನಸಭೆಗೆ ಎರಡು ಮೈತ್ರಿಕೂಟಗಳು ನಿಂತಿದ್ದವು. ಆ ಕಡೆ ಐದು ಪಕ್ಷ, ಈ ಕಡೆ ನಾಲ್ಕು. ಒಬ್ಬರ ಪೋಸ್ಟರ್ ಮೇಲೆ ಇನ್ನೊಬ್ಬರು ಸಗಣಿ ಎರಚುವಷ್ಟು ದ್ವೇಷ. ಎರಡು ಕಡೆಯ ಹುಡುಗರು ಬಡಿದಾಡಿ ಒಬ್ಬ ಆಸ್ಪತ್ರೆ ಸೇರಿದ್ದ. ನಮ್ಮ ಕ್ಷೇತ್ರದಲ್ಲಿ ಗೆಲುವು ಕೂದಲೆಳೆಯಲ್ಲಿದೆ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು.

ಚುನಾವಣೆಗೆ ನಾಲ್ಕು ದಿನ ಇರುವಾಗ ಸಂಜೆ ಒಬ್ಬ ಮನೆಗೆ ಬಂದ. ಬಿಳಿ ಬೂಟು ಹಾಕಿದ್ದ. ಆಳುವ ಕೂಟದವನು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಅವನು ಮೇಜಿನ ಮೇಲೆ ಒಂದು ಪುಟ್ಟ ಬಾಟಲಿ ಇಟ್ಟ. ಚುನಾವಣೆ ಶಾಯಿಯದ್ದೇ ಬಾಟಲಿ, ಅದೇ ಲೇಬಲ್, ಒಂದು ಮೂಲೆ ಮಾತ್ರ ಹರಿದದ್ದು, ಅದೇ ನೇರಳೆ ಬಣ್ಣ. ಆದರೆ ಒಳಗಿದ್ದದ್ದು ಬರೀ ಬಣ್ಣದ ನೀರು.

"ಹತ್ತರಿಂದ ಹನ್ನೊಂದು ಗಂಟೆವರೆಗೆ ಇದನ್ನ ಹಚ್ಚಿ. ಆಗ ನಮ್ಮವರು ಬರ್ತಾರೆ. ಹೊರಗೆ ಹೋಗಿ ಒರೆಸ್ಕೊಂಡು, ಊರಲ್ಲಿಲ್ಲದವರ ಚೀಟಿ ಹಿಡ್ಕೊಂಡು ಮಧ್ಯಾಹ್ನ ಮತ್ತೆ ಬರ್ತಾರೆ. ನೀವು ಬೆರಳು ನೋಡಿ ಬಿಡೋದಷ್ಟೆ."

"ಅದು ತಪ್ಪಾಗತ್ತೆ ಸರ್," ಎಂದರು ಅಪ್ಪ. ದನಿ ಅವರಿಗೇ ಕೇಳಿಸಿತೋ ಇಲ್ಲವೋ.

"ನಿಮ್ಮ ಮಗಳು ಕನ್ನಡಕದ ಅಂಗಡೀಲಿ ಕೆಲಸ ಮಾಡೋದಲ್ವಾ? ಸಂಜೆ ಏಳು ಗಂಟೆ ಬಸ್ಸಿಂದ ಇಳೀತಾಳೆ. ಅಲ್ಲಿಂದ ಇಲ್ಲೀವರೆಗೆ ಒಂದೂ ಲೈಟಿಲ್ಲ ನೋಡಿ."

ಅವನು ಹೋದಮೇಲೂ ನಾನು ಬಾಗಿಲ ಹಿಂದಿನಿಂದ ಹೊರಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಎದುರು ಕೂಟದವನು ಬಂದ. ದಪ್ಪ ಕನ್ನಡಕದ, ನಗುಮುಖದ ಮನುಷ್ಯ. ಆ ಕನ್ನಡಕ ನಮ್ಮ ಅಂಗಡಿಯದೇ. ಅವನೂ ಒಂದು ಬಾಟಲಿ ಇಟ್ಟ. ಅವನ ಸಮಯ ಹನ್ನೊಂದರಿಂದ ಹನ್ನೆರಡು. ಅವನೂ ಹೋಗುವಾಗ ಏಳು ಗಂಟೆ ಬಸ್ಸಿನ ಮಾತೆತ್ತಿದ. ಎರಡು ಬಾಟಲಿಗಳೂ ಒಂದೇ ಕಡೆ ಮಾಡಿಸಿದ ಹಾಗಿದ್ದವು. ಬೇರೆ ಯಾವುದರಲ್ಲೂ ಹೊಂದದ ಒಂಬತ್ತು ಪಕ್ಷಗಳು ಇದೊಂದರಲ್ಲಿ ಒಂದಾಗಿದ್ದವು.

"ಹಚ್ಚಿಬಿಡಿ ಅಪ್ಪಾ," ಎಂದೆ ನಾನು. "ಯಾರಾದರೂ ಗೆದ್ದುಕೊಂಡು ಸಾಯಲಿ. ನಮಗ್ಯಾಕೆ?"

ಅಪ್ಪ "ಹೂಂ" ಎಂದರು. ಎರಡೂ ಬಾಟಲಿಗಳನ್ನು ಬೆಳಕಿಗೆ ಹಿಡಿದು, ಲೇಬಲ್ಲನ್ನು ಹೆಬ್ಬೆರಳಿನಿಂದ ಸವರಿ, ಮತ್ತೊಮ್ಮೆ ಹೂಂ ಎಂದರು. ಆ ಸಂಜೆ ಕಾಲೇಜಿನಿಂದ ತಡವಾಗಿ ಬಂದು, ಬಚ್ಚಲಲ್ಲಿ ತುಂಬ ಹೊತ್ತು ಕೈ ತೊಳೆದರು. ಮಾರನೆಯ ದಿನ ನೋಡಿದರೆ ಅವರ ಹತ್ತೂ ಬೆರಳ ತುದಿ ಕಪ್ಪಗಿದ್ದವು. ಲ್ಯಾಬಿನವರ ಕೈ ಯಾವಾಗಲೂ ಏನಾದರೊಂದು ಬಣ್ಣದಲ್ಲಿರುತ್ತದೆ, ಹಾಗಾಗಿ ನಾನು ಕೇಳಲಿಲ್ಲ.

ಓಟಿನ ದಿನ ಅಪ್ಪ "ನೀನು ಬೆಳಿಗ್ಗೆ ಏಳು ಗಂಟೆಗೇ ಬಂದುಹೋಗು" ಎಂದಿದ್ದರು. ಆದರೆ ಸಾಲು ಬೀದಿಯ ತಿರುವಿನವರೆಗಿತ್ತು. ನನ್ನ ಸರದಿ ಬಂದಾಗ ಹತ್ತೂವರೆ. ಬಿಳಿ ಬೂಟಿನವನ ಹೊತ್ತು. ಅಪ್ಪ ನನ್ನ ಮುಖ ನೋಡಲಿಲ್ಲ. ಬೆರಳು ಹಿಡಿದು ಗೆರೆ ಎಳೆದರು. ನಾನು ಕಣ್ಣಾರೆ ಕಂಡೆ, ಅದು ಅವನು ಕೊಟ್ಟ ಬಾಟಲಿಯೇ. ಲೇಬಲ್ಲಿನ ಒಂದು ಮೂಲೆ ಹರಿದಿತ್ತು. ಹೇಳಿದ ಹಾಗೆ ಕೇಳಿದರಲ್ಲ ಎಂದು ಜೀವಕ್ಕೆ ಸಮಾಧಾನವಾಯಿತು. ಅದರ ಹಿಂದೆಯೇ ನಾಚಿಕೆಯೂ ಆಯಿತು. ಮನೆಗೆ ಬಂದು ಸೋಪು ಹಾಕಿ ಉಜ್ಜಿದೆ. ನೇರಳೆ ಬಣ್ಣವೆಲ್ಲ ನೀರಿನಲ್ಲಿ ಹರಿದುಹೋಯಿತು.

ಬಟ್ಟೆ ಒಣಗಹಾಕಲು ಮಹಡಿಗೆ ಹೋದೆ. ಬಿಸಿಲು ಚುರುಗುಟ್ಟುತ್ತಿತ್ತು. ನಾಲ್ಕನೆಯ ಬಟ್ಟೆ ಹಾಕುವಾಗ ಉಗುರಿನ ಮೇಲೆ ಬೂದು ಬಣ್ಣದ ಗೆರೆಯೊಂದು ಕಂಡಿತು. ಕೊಳೆ ಎಂದುಕೊಂಡು ಒರೆಸಿದೆ. ಹೋಗಲಿಲ್ಲ. ನೋಡುನೋಡುತ್ತಿದ್ದಂತೆ ಅದು ಕಂದಾಗಿ, ಆಮೇಲೆ ಕಪ್ಪಾಯಿತು. ಅಪ್ಪನ ಹತ್ತು ಬೆರಳು ನೆನಪಾದವು. ಶಾಯಿಯನ್ನು ಅಳಿಯದಂತೆ ನಿಲ್ಲಿಸುವುದು ಬಣ್ಣವಲ್ಲ, ಬಿಸಿಲಿಗೆ ಕಪ್ಪಾಗುವ ಬೆಳ್ಳಿಯ ಉಪ್ಪು, ಸಿಲ್ವರ್ ನೈಟ್ರೇಟ್, ಎಂದು ಚಿಕ್ಕಂದಿನಲ್ಲಿ ಅವರೇ ನನಗೆ ಹೇಳಿದ್ದರು. ಕಾಲೇಜಿನಿಂದ ಒಂದು ಬೆಂಕಿಕಡ್ಡಿಯನ್ನೂ ತರದವರು ಅದನ್ನು ತಂದು ಆ ಬಾಟಲಿಗಳಿಗೆ ಬೆರೆಸಿದ್ದರು. ಲೇಬಲ್ಲಿನಲ್ಲಿ ಇದ್ದದ್ದನ್ನೇ ಒಳಗೂ ಮಾಡಿಬಿಟ್ಟಿದ್ದರು.

ಹಾಗಾದರೆ ಈ ಹೊತ್ತಿಗೆ ಬಿಳಿ ಬೂಟಿನವನ ಕಡೆಯವರ ಬೆರಳುಗಳೂ ಕಪ್ಪಾಗುತ್ತಿವೆ. ಅಪ್ಪ ಸಂಜೆ ಆರರವರೆಗೆ ಆ ಮೇಜು ಬಿಟ್ಟು ಏಳುವಂತಿಲ್ಲ. ಚಪ್ಪಲಿ ಮೆಟ್ಟದೆ ಶಾಲೆಗೆ ಓಡಿದೆ.

ಗೇಟಿನಿಂದ ಸ್ವಲ್ಪ ಆಚೆ ಒಂದು ವ್ಯಾನಿನ ಪಕ್ಕ ಹತ್ತು ಹನ್ನೆರಡು ಗಂಡಸರು ನಿಂತಿದ್ದರು. ಒಬ್ಬ ಬೆರಳನ್ನು ಗೋಡೆಗೆ ತಿಕ್ಕುತ್ತಿದ್ದ, ಒಬ್ಬ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸುತ್ತಿದ್ದ. ಬಿಳಿ ಬೂಟಿನವನು ನನ್ನನ್ನು ಕಂಡ.

"ಬಾಮ್ಮಾ ಇಲ್ಲಿ. ಬೆರಳು ತೋರಿಸು."

ತೋರಿಸಿದೆ.

"ಹತ್ತರ ಮೇಲೆ ಹಾಕಿದ್ಯಾ ಓಟು? ನಿಮ್ಮಪ್ಪ ಬಾಟಲಿ ಬದಲಾಯಿಸಿದ್ನಾ?"

ನನ್ನ ಬಾಯಿಗೆ ಅದು ಎಲ್ಲಿಂದ ಬಂತೋ ಕಾಣೆ. "ನಮ್ಮಪ್ಪನಾ? ಜಿರಳೆ ಕಂಡ್ರೆ ಮನೆ ಬಿಟ್ಟು ಓಡ್ತಾರೆ ಸರ್. ನೀವು ಬಂದುಹೋದ ಮೇಲೆ ಮೂರು ದಿನ ಸರಿಯಾಗಿ ಊಟ ಮಾಡಿಲ್ಲ. ಅವರು ಬದಲಾಯಿಸ್ತಾರಾ?"

ಗೋಡೆಗೆ ಬೆರಳು ತಿಕ್ಕುತ್ತಿದ್ದವನು ನಕ್ಕ. "ಪುಕ್ಕಲು ಅಟೆಂಡರ್ ಅಣ್ಣಾ. ಅವನಿಗೆಲ್ಲಿ ಆ ಧೈರ್ಯ?"

ಬಿಳಿ ಬೂಟಿನವನು ನಗಲಿಲ್ಲ. ರಸ್ತೆಯಾಚೆ ಕನ್ನಡಕದವನು ನಿಂತಿದ್ದ ಕಡೆ ತಿರುಗಿದ. "ಹಾಗಾದ್ರೆ ಆ ಕಡೆಯವರದೇ ಕೆಲಸ. ನಮ್ಮ ಬಾಟಲಿ ಅವರೇ ಬದಲಾಯಿಸಿದಾರೆ." ಮಧ್ಯಾಹ್ನದ ಹೊತ್ತಿಗೆ ಕನ್ನಡಕದವನ ಕಡೆಯವರೂ ಬೆರಳು ಉಜ್ಜುತ್ತ, ಇದು ಬಿಳಿ ಬೂಟಿನವನ ಕಿತಾಪತಿ ಎಂದು ಹಲ್ಲು ಕಡಿಯುತ್ತಿದ್ದರು. ಎರಡನೆಯ ಸಲ ಓಟಿಗೆ ಯಾರೂ ಒಳಗೆ ಹೋಗಲಿಲ್ಲ.

ಸಂಜೆ ಅಪ್ಪ ಹೊರಗೆ ಬಂದರು. ಮನೆಯ ದಾರಿಯಲ್ಲಿ ನನ್ನ ಬೆರಳು ಹಿಡಿದು ನೋಡಿದರು.

"ಸೋಪು ಹಾಕಿದ್ಯಾ?"

"ಹಾಕಿದೆ. ಹೋಗಲಿಲ್ಲ. ಅಪ್ಪಾ, ನೀವು ಹೆದರುಪುಕ್ಕಲು ಅಂತ ಅವರ ಹತ್ತಿರ ಹೇಳಿಬಿಟ್ಟೆ."

"ನಿಜಾನೇ ಹೇಳಿದೀಯ." ಸ್ವಲ್ಪ ದೂರ ನಡೆದ ಮೇಲೆ, "ಎರಡು ಸಲ ಉಚ್ಚೆ ಬಂದಂಗಾಯ್ತು, ಎದ್ದು ಹೋಗೋಕೂ ಹೆದರಿಕೆ," ಎಂದರು. ನಾನು ಅವರ ತೋಳು ಹಿಡಿದುಕೊಂಡೆ. ಅವರ ಮೇಲೆ ಅಷ್ಟು ಪ್ರೀತಿ ನನಗೆ ಹಿಂದೆಂದೂ ಉಕ್ಕಿರಲಿಲ್ಲ.

ಅಂದಿನಿಂದ ದಿನಾ ಏಳು ಗಂಟೆಗೆ ಅವರು ಬಸ್ ಸ್ಟಾಪಿನಲ್ಲಿ ಟಾರ್ಚು ಹಿಡಿದು ನಿಂತಿರುತ್ತಿದ್ದರು.

ಫಲಿತಾಂಶ ಬಂತು. ಯಾವ ಕೂಟಕ್ಕೂ ಬಹುಮತವಿಲ್ಲ. ಒಂದು ವಾರ ಎಳೆದಾಡಿ, ಆ ಕಡೆಯಿಂದ ಎರಡು ಪಕ್ಷ, ಈ ಕಡೆಯಿಂದ ಎರಡು ಪಕ್ಷ ಕೈಕುಲುಕಿ ಸರ್ಕಾರ ಮಾಡಿದವು. ನನಗೆ ರಾಜಕೀಯ ಅರ್ಥವಾಗುವುದಿಲ್ಲ, ಓದಿ ಪೇಪರು ಮಡಿಸಿಟ್ಟೆ.

ಆ ಸಂಜೆ ಬಸ್ಸಿಳಿದಾಗ ಅಪ್ಪನ ಟಾರ್ಚು ಹೊತ್ತಿರಲಿಲ್ಲ. ಅವರು ಎದುರಿನ ಟೀ ಅಂಗಡಿಯನ್ನೇ ನೋಡುತ್ತಿದ್ದರು. ಅಲ್ಲಿ ಒಂದೇ ಬೆಂಚಿನ ಮೇಲೆ ಬಿಳಿ ಬೂಟಿನವನೂ ಕನ್ನಡಕದವನೂ ಕೂತು ಟೀ ಕುಡಿಯುತ್ತಿದ್ದರು. ಕನ್ನಡಕದವನು ತನ್ನ ಎಡಗೈ ಬೆರಳನ್ನು ಮುಂದೆ ಚಾಚಿ ಏನೋ ಕೇಳುತ್ತಿದ್ದ. ಬಿಳಿ ಬೂಟಿನವನು ಇಲ್ಲ ಎಂದು ತಲೆ ಅಲ್ಲಾಡಿಸಿದ. ಆಮೇಲೆ ಅವನೂ ಏನೋ ಕೇಳಿದ. ಕನ್ನಡಕದವನೂ ತಲೆ ಅಲ್ಲಾಡಿಸಿದ. ಆಮೇಲೆ ಇಬ್ಬರೂ ಒಟ್ಟಿಗೆ ಅಪ್ಪನ ಕಡೆ ತಿರುಗಿದರು.

"ಓಡಬೇಡ," ಎಂದರು ಅಪ್ಪ. ನನ್ನನ್ನು ಗೋಡೆಯ ಪಕ್ಕಕ್ಕೆ ಮಾಡಿ, ತಾವು ರಸ್ತೆಯ ಕಡೆ ನಡೆದರು.

"ಏನ್ ಅಟೆಂಡರೇ, ಆರಾಮಾ?" ಬಿಳಿ ಬೂಟಿನವನ ದನಿ ಬೆನ್ನಿಗೆ ಬಂತು.

"ಆರಾಮು ಸರ್."

ಮನೆ ಸೇರಿದೆವು. ಮಲಗುವ ಮುಂಚೆ ಅಪ್ಪ ಚಿಲಕವನ್ನು ಮೂರು ಸಲ ಮುಟ್ಟಿ ನೋಡಿ ಹಾಸಿಗೆಗೆ ಹೋದರು. ನಾಲ್ಕನೆಯ ಸಲ ನಾನು ಎದ್ದು ನೋಡಿದೆ.